ಬುಜ್ಜಿ ಕಡಿದ ಗಾಯ

ಮೈಮೇಲೆ ಗಾಳಿ ಬಂದಿದೆ ಎಂದು ನಾಲ್ಕು ಜನ ಹಿಡಿದುಕೊಂಡು ಬಂದ ಹೆಣ್ಣುಮಕ್ಕಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದು ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದವಳು ನಾನು. ಸರ್ಕಾರಿ ನರ್ಸ್ ಆಗಿ ಇಪ್ಪತ್ತಾರು ವರ್ಷ ಅದನ್ನೇ ಮಾಡಿದೆ. "ಹುಲಿಗೆಮ್ಮನ ಗುಡಿಗೆ ಹೋಗಿ ಬರ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹೋಗೂ ಮುಂದ ಗುಳಿಗಿ ನುಂಗಿ ಹೋಗ್ರಿ" ಎನ್ನುತ್ತಿದ್ದೆ. ಸತ್ತ ಅತ್ತೆ ಕನಸಿನಲ್ಲಿ ಬಂದು ಕತ್ತು ಹಿಸುಕಿದಳು ಎಂದು ಒಬ್ಬಳು ಅತ್ತಾಗ, ಬದುಕಿದ್ದಾಗ ಹಿಸುಕಿದ್ದು ಸಾಲಲಿಲ್ಲವೇನು ಎಂದು ಕೇಳಿ ಇಡೀ ಸಾಲನ್ನು ನಗಿಸಿದ್ದೆ. ನನ್ನ ಬಾಯಿ ಅಂಥದು. ಊರಿನವರಿಗೆ ನನ್ನನ್ನು ಕಂಡರೆ ಸ್ವಲ್ಪ ಹೆದರಿಕೆಯೂ ಇತ್ತು.

ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ಓದಿ ನಗಬಹುದು, ಬೇಡ ಎನ್ನುವುದಿಲ್ಲ. ಬೈಯಲೂಬಹುದು. ಬೈಯುವುದಕ್ಕೆ ಇದರಲ್ಲಿ ಬೇಕಾದಷ್ಟಿದೆ. ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ, ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಏನೂ ಅರ್ಥವಾಗುವುದಿಲ್ಲ.

ಕೊರೊನಾ ಗಲಾಟೆ ತಣ್ಣಗಾದ ಮೇಲಿನ ಮಾತು. ಆಗ ನಾನು ಕುಷ್ಟಗಿ ತಾಲ್ಲೂಕಿನ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿದ್ದೆ. ಊರಿನ ಹೆಸರು ಬೇಡ. ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮ ಕೇಂದ್ರ. ಮುಂದೆ ತಗಡಿನ ನೆರಳು, ನೆರಳಿನ ಕೆಳಗೆ ಕಲ್ಲಿನ ಕಟ್ಟೆ. ಬಸ್ಸಿಗೆ ಕಾಯುವವರು, ಸೂಜಿಗೆ ಬಂದವರು, ಸುಮ್ಮನೆ ಹರಟೆ ಹೊಡೆಯುವವರು ಎಲ್ಲರಿಗೂ ಅದೇ ಕಟ್ಟೆ.

ಯಮನೂರಪ್ಪ ಅದೇ ಊರಿನವನು. ಪ್ರಾಯದಲ್ಲೇ ಭತ್ತದ ಕೆಲಸಕ್ಕೆಂದು ಗಂಗಾವತಿ ಕಡೆ ಹೋದವನು, ಶ್ರೀರಾಮನಗರದ ಹತ್ತಿರದ ಒಂದು ಕ್ಯಾಂಪಿನಲ್ಲಿ ಮೂವತ್ತು ವರ್ಷ ಗದ್ದೆ ಕಾಯುತ್ತ, ಕಾಲುವೆಯ ನೀರು ತಿರುವುತ್ತ ಉಳಿದುಬಿಟ್ಟ. ಕ್ಯಾಂಪೆಂದರೆ ಆಂಧ್ರದಿಂದ ಬಂದ ತೆಲುಗಿನವರ ಊರು. ಹೆಂಡತಿ ಅಲ್ಲೇ ತೀರಿಕೊಂಡಳು, ಮಕ್ಕಳಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ಕಾಲು ಕೈಕೊಟ್ಟ ಮೇಲೆ ಒಂದು ಚೀಲ, ಒಂದು ನಾಯಿ ತೆಗೆದುಕೊಂಡು ತಮ್ಮನ ಮಗನ ಮನೆಗೆ ಬಂದ. ಆಗ ಆತನಿಗೆ ಅರವತ್ತರ ಆಸುಪಾಸು. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ನಾಯಿಯ ಹೆಸರು ಬುಜ್ಜಿ. ಕಂದು ಬಣ್ಣ, ಎದೆಯ ಮೇಲೆ ಬಿಳಿ. ಮೇಲಿನ ಎಡಗಡೆಯ ಕೋರೆಹಲ್ಲು ಬುಡದವರೆಗೆ ಮುರಿದಿತ್ತು. ಮರಿಯಿದ್ದಾಗ ಯಾರೋ ಸಲಿಕೆಯಿಂದ ಹೊಡೆದಿದ್ದರಂತೆ, ಸಾಯಲು ಬಿದ್ದದ್ದನ್ನು ಈತ ಎತ್ತಿಕೊಂಡು ಬಂದು ಹಾಲು ಹಾಕಿ ಬದುಕಿಸಿದ್ದನಂತೆ. ಆತ ಅದರ ಜೊತೆ ಮಾತಾಡುವುದೆಲ್ಲ ತೆಲುಗಿನಲ್ಲೇ. ಕಟ್ಟೆಯ ಮೇಲೆ ಕೂತವರಿಗೆ ಅದೇ ಒಂದು ತಮಾಷೆ. "ಕಾಕಾ, ನಿನ್ನ ನಾಯಿಗೆ ಕನ್ನಡ ಕಲಸು, ಇಲ್ಲಾಂದ್ರ ರೇಷನ್ ಕಾರ್ಡ್ ಕೊಡೂದಿಲ್ಲ" ಎಂದು ಕೆಣಕುತ್ತಿದ್ದರು. ಆತ ನಗುತ್ತಿದ್ದ. ನಾಯಿ ಮಾತ್ರ ಯಾರು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಒಂದು ಗುರುವಾರ ಆತ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಬಿಚ್ಚಿ ನೋಡಿದರೆ ಎರಡು ಬೆರಳು ಕಪ್ಪಾಗಿವೆ, ವಾಸನೆ. ನೋವೇ ಗೊತ್ತಾಗಿಲ್ಲ ಆತನಿಗೆ. ನಾನು ಬೈದೆ, ತಕ್ಷಣ ಆಂಬುಲೆನ್ಸ್ ಕರೆಸಿ ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಹೊರಡಿಸಿದೆ. ಗಾಡಿ ಹತ್ತುವಾಗ ನಾಯಿಯೂ ಹತ್ತಲು ಬಂತು. ಆತ ಕಟ್ಟೆಯ ಕೆಳಗೆ ಕೈ ತೋರಿಸಿ, "ಉಂಡು ಬುಜ್ಜಿ, ಉಂಡು" ಎಂದ. ಮತ್ತೆ ನನ್ನ ಕಡೆ ನೋಡಿ ಕೈ ಮುಗಿದ. ಪಾಪ, ನಾಯಿಯ ಊಟದ ಚಿಂತೆ ಎಂದುಕೊಂಡೆ. "ನಾ ಹಾಕ್ತೀನಿ ಬಿಡು ಕಾಕಾ, ಉಂಡು ಇರ್ತೈತಿ" ಎಂದು ಕೂಗಿ ಹೇಳಿದೆ. ಗಾಡಿ ಹೋಯಿತು. ನಾಯಿ ಕಟ್ಟೆಯ ಕೆಳಗೆ ಹೋಗಿ ಕೂತಿತು.

ಕೊಟ್ಟ ಮಾತಿನಂತೆ ದಿನಾ ಮಧ್ಯಾಹ್ನ ನನ್ನ ಡಬ್ಬಿಯ ಒಂದು ರೊಟ್ಟಿ ಅದಕ್ಕೆ. ಹಾಕಿ "ಉಂಡು ಹೋಗು, ಮನಿಗೆ ಹೋಗು" ಎನ್ನುತ್ತಿದ್ದೆ. ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು, ಮತ್ತೆ ಅದೇ ಜಾಗದಲ್ಲಿ ಕೂರುತ್ತಿತ್ತು. ಮರೆಗೆ ಹೋಗಿ ಬರುವುದು ಬಿಟ್ಟರೆ ಅಲ್ಲಿಂದ ಏಳುತ್ತಿರಲಿಲ್ಲ. ಯಮನೂರಪ್ಪನ ತಮ್ಮನ ಮಗ ಬಂದು ಕೊರಳಿಗೆ ಹಗ್ಗ ಹಾಕಿ ಎಳೆದ. ಗುರ್ರೆಂದು ಹಲ್ಲು ತೋರಿಸಿತು. ಅವನು ಹಗ್ಗ ಬಿಸಾಕಿ, ಹಾಳಾಗಿ ಹೋಗಲಿ ಎಂದು ಹೊರಟುಹೋದ. ನಿಜ ಹೇಳಬೇಕೆಂದರೆ ನನಗೂ ಐದಾರು ದಿನಕ್ಕೆ ಬೇಸರ ಬಂದಿತ್ತು. ಮಾತು ಕೊಟ್ಟಾಗ ಎರಡು ಮೂರು ದಿನ ಎಂದುಕೊಂಡಿದ್ದೆ. ಕೊಪ್ಪಳದಲ್ಲಿ ಆತನ ಬೆರಳು ತೆಗೆದರು, ಗಾಯ ಮಾಯುವವರೆಗೆ ಇರಲೇಬೇಕು ಎಂದರು.

ಮುಂದಿನ ಗುರುವಾರ ಕೂಸುಗಳಿಗೆ ಸೂಜಿ ಹಾಕುವ ದಿನ. ಬಂದ ತಾಯಂದಿರೆಲ್ಲ ನಾಯಿಯನ್ನು ನೋಡಿ ಹೊರಗೇ ನಿಂತರು. ಹಚ್ಯಾ ಹಚ್ಯಾ ಎಂದು ಓಡಿಸಿದರೆ ಕಿವಿ ಸಹ ಅಲುಗಿಸಲಿಲ್ಲ. ಬಿಸಿಲಿಗೆ ನಾಲಿಗೆ ಹೊರಗೆ ಚೆಲ್ಲಿ ಜೊಲ್ಲು ಸುರಿಸುತ್ತಿತ್ತು, ಕಣ್ಣು ಬಸ್ಸು ಬರುವ ದಾರಿಯ ಮೇಲೆ. ಒಬ್ಬ ಮುದುಕಿ, "ಇದರ ಕಣ್ಣು ಸರಿಯಿಲ್ಲವ್ವಾ" ಎಂದಳು. ಅವತ್ತು ಹುಟ್ಟಿದ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿತು.

ಭಾನುವಾರ ಹರಿಜನ ಕೇರಿಯ ಹಿಂದೆ ಒಂದು ಹೆಣ್ಣು ಮಗುವನ್ನು ಯಾವುದೋ ಕರಿ ನಾಯಿ ಕಡಿದು ಓಡಿತು. ಕರಿ ನಾಯಿ ಎಂದು ಮಗುವೇ ಅಳುತ್ತ ಹೇಳಿತು, ಸೂಜಿ ಹಾಕಿದವಳು ನಾನೇ, ಕಿವಿಯಾರೆ ಕೇಳಿದ್ದೇನೆ. ಆದರೆ ಕರಿ ನಾಯಿ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಕಟ್ಟೆಯ ಕೆಳಗೆ ಹನ್ನೊಂದು ದಿನದಿಂದ ಕೂತ ಬುಜ್ಜಿ.

ಸೋಮವಾರ ಬೆಳಿಗ್ಗೆ ಹತ್ತು ಹನ್ನೆರಡು ಗಂಡಸರು ಕೇಂದ್ರದ ಮುಂದೆ ಸೇರಿದರು. ಯಮನೂರಪ್ಪನ ತಮ್ಮನ ಮಗನೂ ಇದ್ದ. ಎಲ್ಲರ ಮುಂದೆ ಒಬ್ಬ ಹಿರಿಯ ನನ್ನನ್ನು ಕೇಳಿದ, "ಸಿಸ್ಟರ್, ನೀವು ಓದಿದವ್ರು. ಇದಕ್ಕ ಹುಚ್ಚು ಹಿಡದೈತೋ ಇಲ್ಲೋ? ನೀವು ಇಲ್ಲ ಅಂದ್ರ ನಾವು ಮುಟ್ಟೂದಿಲ್ಲ."

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹುಚ್ಚು ಹಿಡಿದ ನಾಯಿ ಹನ್ನೊಂದು ದಿನ ಒಂದೇ ಕಡೆ ಕೂತು ರೊಟ್ಟಿ ತಿಂದು ನೀರು ಕುಡಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಾಯಿಯನ್ನು ಹೀಗೆ ಹೊಡೆದು ಕೊಲ್ಲುವುದು ತಪ್ಪು, ಕಾನೂನಿಗೂ ವಿರುದ್ಧ ಎಂಬುದೂ ಗೊತ್ತಿತ್ತು. ಆದರೆ ಮಾರನೆಯ ದಿನ ನಮ್ಮ ಕೇಂದ್ರ ನೋಡಲು ಜಿಲ್ಲೆಯಿಂದ ಸಾಹೇಬರು ಬರುವವರಿದ್ದರು. ಕಟ್ಟೆ ತೊಳೆಸಬೇಕು, ನಾಯಿ ಏಳುವುದಿಲ್ಲ. ನಾಳೆ ಯಾವುದಾದರೂ ಕೂಸಿಗೆ ಹಲ್ಲು ತಾಗಿಸಿದರೆ ನಾನೇ ಉತ್ತರ ಕೊಡಬೇಕು. ಇಲ್ಲ ಎಂದರೆ ನಾಯಿಯ ಜವಾಬ್ದಾರಿ ಪೂರ್ತಿ ನನ್ನ ತಲೆಗೆ ಬೀಳುತ್ತದೆ. ಇಷ್ಟನ್ನು ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿ ನಾನು, "ಇದ್ರೂ ಇರಬಹುದು, ನನಗೇನ್ ಗೊತ್ತು" ಎಂದೆ.

ಅಷ್ಟು ಸಾಕಾಯಿತು ಅವರಿಗೆ. ಬಡಿಗೆ ತರಲು ಹೋದರು.

ಅವರು ಬರುವುದರೊಳಗೆ ಇದನ್ನು ಹಿಂದಿನ ಹೊಲದ ಕಡೆ ಓಡಿಸಿದರೆ ಆಯಿತಲ್ಲ ಎಂದುಕೊಂಡು ಡಬ್ಬಿ ತಂದೆ. ಇದ್ದ ಎರಡೂ ರೊಟ್ಟಿ ಅದರ ಮುಂದೆ ಹಾಕಿ, "ಲಗೂನ ಉಂಡು ಹೋಗು, ಉಂಡು ಹೋಗು" ಎಂದು ಗೋಗರೆದೆ. ಅದು ಎದ್ದು ನಿಂತಿತ್ತು, ನನ್ನ ಮಾತು ಕೇಳಿ ಮತ್ತೆ ಕೂತಿತು. ಕೈಯಿಂದ ನೂಕಿದೆ. ಎರಡು ಹೆಜ್ಜೆ ಇಟ್ಟು, ನಾನು "ಉಂಡು ಹೋಗು ಮಾರಾಯ್ತಿ" ಎನ್ನುವಷ್ಟರಲ್ಲಿ ತಿರುಗಿ ಬಂದು ಮೊದಲಿನ ಜಾಗದಲ್ಲೇ ಮುಂಗಾಲು ಚಾಚಿ ಕೂತಿತು. ರೊಟ್ಟಿಯನ್ನು ಮೂಸಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು, ಹೇಳಿದ ಮಾತು ಕೇಳುತ್ತಿದ್ದೇನಲ್ಲ, ಸರಿಯಾಗಿದೆಯಲ್ಲ ಎನ್ನುವ ಹಾಗೆ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆದರೆ ಕಿಟಕಿ ಇತ್ತು. ಮೊದಲನೆಯ ಏಟು ಸೊಂಟಕ್ಕೆ ಬಿತ್ತು. ಅದು ಓಡುತ್ತದೆ ಎಂದು ಎಲ್ಲರೂ ಸುತ್ತುವರಿದು ನಿಂತಿದ್ದರು. ಓಡಲಿಲ್ಲ. ಅರಚಿತು, ನೆಲಕ್ಕೆ ಇನ್ನಷ್ಟು ಒತ್ತಿಕೊಂಡು ಕೂತಿತು. ಹೊಡೆಯುವವರಿಗೇ ಸಿಟ್ಟು ಬಂತು, "ಏಳ್ತೈತೇನ್ ನೋಡು ಸೂಳಿಮಗಂದು" ಎಂದು ಒಬ್ಬ ಕಿರುಚಿದ. ಎದ್ದು ನಿಂತಿದ್ದರೆ, ಹಲ್ಲು ತೋರಿಸಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತೇನೋ. ಕೂತೇ ಸತ್ತಿತು. ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲಾರೆ. ಆಮೇಲೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಿ ಊರ ಕಸ ಚೆಲ್ಲುವ ತಗ್ಗಿನಲ್ಲಿ ಹುಗಿದು, ಮೇಲೆ ಮೊರಂ ಮಣ್ಣು ಸುರಿದು ಬಂದರು. ಜೊತೆಗೆ ಹೋಗಿದ್ದ ನಮ್ಮ ಆಯಾ ಲಕ್ಷ್ಮವ್ವ ಕಣ್ಣಾರೆ ನೋಡಿ ಬಂದಳು. ಮಂಗಳವಾರ ಸಾಹೇಬರು ಬಂದರು, ಕಟ್ಟೆ ಸ್ವಚ್ಛವಾಗಿದೆ ಎಂದು ಮೆಚ್ಚಿ ಹೋದರು.

ಇನ್ನು ಗುರುವಾರದ ಮಾತು. ಮಧ್ಯಾಹ್ನ ಎರಡರ ಸುಮಾರಿಗೆ ಕೊಪ್ಪಳದ ಬಸ್ಸಿನಿಂದ ಯಮನೂರಪ್ಪ ಇಳಿದ. ಮನೆಗೆ ಹೋಗದೆ ನೆಟ್ಟಗೆ ಕಟ್ಟೆಗೆ ಬಂದು ಬಗ್ಗಿ ಕೆಳಗೆ ನೋಡಿದ. ಎದುರಿನ ಚಹಾದಂಗಡಿಯಲ್ಲಿದ್ದವರೆಲ್ಲ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಆತ ಒಳಗೆ ಬಂದು ಬಲಗೈ ಮುಂದೆ ಚಾಚಿದ. ಮಣಿಕಟ್ಟಿಗೆ ಟವೆಲ್ ಸುತ್ತಿತ್ತು, ಟವೆಲ್ ರಕ್ತದಿಂದ ತೊಯ್ದಿತ್ತು.

"ಬುಜ್ಜಿ ಕಡೀತ್ರಿ ಸಿಸ್ಟರ್" ಎಂದ.

ನನ್ನ ಕೈ ತನ್ನ ಕೆಲಸ ಮಾಡುತ್ತಿತ್ತು, ಟವೆಲ್ ಬಿಚ್ಚಿದೆ, ನಳದ ಕೆಳಗೆ ಹಿಡಿದೆ. ನಾಯಿ ಕಡಿತಕ್ಕೆ ಮೊದಲು ಮಾಡಬೇಕಾದದ್ದು ಅದೇ, ಸಾಬೂನು ಹಚ್ಚಿ ಕಾಲು ಗಂಟೆ ನೀರು ಬಿಡಬೇಕು. ಆ ಕಾಲು ಗಂಟೆಯಲ್ಲಿ ಆತ ಎಲ್ಲ ಹೇಳಿದ. ಬೆಳಿಗ್ಗೆ ಆಸ್ಪತ್ರೆಯಿಂದ ಬಿಟ್ಟರಂತೆ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕುಷ್ಟಗಿಯ ಬಸ್ಸು ಹತ್ತಲು ಹೋದರೆ ಹಿಂದಿನಿಂದ ಬುಜ್ಜಿ ಬಂತಂತೆ. ಇಷ್ಟು ದೂರ ಹೇಗೆ ಬಂತು ಎಂದು ಆತನಿಗೂ ಆಶ್ಚರ್ಯ. ಖುಷಿಯಿಂದ ಕೈ ಚಾಚಿದರೆ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆಯಿತಂತೆ. ಬಸ್ಸು ಹತ್ತಲು ಬಿಡಲೊಲ್ಲದು. ಜಗ್ಗಿದಷ್ಟೂ ಹಲ್ಲು ಒಳಗೆ ಹೋದವಂತೆ. ಕೊನೆಗೆ ಬಿಡಿಸಿಕೊಂಡನಂತೆ, ಅದು ಜನರ ನಡುವೆ ಎಲ್ಲೋ ಹೋಯಿತಂತೆ.

"ಒಂಬತ್ತು ವರ್ಷದಾಗ ಒಮ್ಮೆನೂ ಕಡದಿಲ್ರಿ. ಯಾಕ ಕಡೀತು ಅಂತೀರಿ?"

ನೀವು ಕೇಳುತ್ತೀರಿ, ಬೇರೆ ಯಾವುದೋ ನಾಯಿ ಇರಬೇಕು ಎಂದು. ನಾನೂ ಮೊದಲು ಹಾಗೇ ಅಂದುಕೊಂಡೆ, ಆ ವಿಚಾರ ಬಂದ ಕೂಡಲೇ ಉಸಿರು ಸಹ ಸಲೀಸಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಾಯಿಗಳಿಗೇನು ಬರವೇ, ಕಂದು ಬಣ್ಣದವೇ ಹತ್ತಿರುತ್ತವೆ. ಆದರೆ ರಕ್ತ ತೊಳೆದು ಹೋದ ಮೇಲೆ ಗಾಯ ಕಂಡಿತು. ನಾಯಿ ಕಡಿದ ಗಾಯಗಳನ್ನು ನೂರಾರು ನೋಡಿದ್ದೇನೆ. ಮೇಲೆರಡು ಕೆಳಗೆರಡು ಕೋರೆಹಲ್ಲು, ನಾಲ್ಕು ತೂತು ಬೀಳುತ್ತವೆ. ಯಮನೂರಪ್ಪನ ಕೈಯಲ್ಲಿ ಇದ್ದದ್ದು ಮೂರು. ನಾಲ್ಕನೆಯ ಜಾಗದಲ್ಲಿ, ಎಡಗಡೆಯ ಮೇಲಿನ ಹಲ್ಲು ಇರಬೇಕಾದಲ್ಲಿ, ಚರ್ಮ ಹರಿದಿರಲಿಲ್ಲ. ಒತ್ತಿದ ನೀಲಿ ಕಲೆ ಮಾತ್ರ. ಹನ್ನೊಂದು ದಿನ ರೊಟ್ಟಿ ಹಾಕುತ್ತ ಆ ಬಾಯಿಯನ್ನು ನಾನು ಹತ್ತಿರದಿಂದ ನೋಡಿದ್ದೆ. ನನ್ನ ಕೈಯಲ್ಲಿದ್ದ ಸಾಬೂನು ಜಾರಿ ಮೋರಿಗೆ ಬಿತ್ತು.

ಏನಾದರೂ ಮಾತಾಡಬೇಕಲ್ಲ ಎಂದು, "ದಿನಾ ರೊಟ್ಟಿ ಹಾಕೀನಿ ಕಾಕಾ, ನೀ ಹೇಳಿ ಹೋಗಿದ್ಯಲ್ಲ ಉಂಡು ಉಂಡು ಅಂತ" ಎಂದೆ. ಆತ ನನ್ನ ಮುಖ ನೋಡಿ ನಕ್ಕ.

"ಅದು ಊಟದ ಮಾತಲ್ರಿ. ತೆಲುಗಿನ್ಯಾಗ ಉಂಡು ಅಂದ್ರ ಇಲ್ಲೇ ಇರು ಅಂತ. ಉಂಡು ಅಂದ್ರ ಮುಗೀತು, ಜೀವ ಹೋದ್ರೂ ಏಳೂದಿಲ್ಲದು. ಪೋ ಅನ್ಬೇಕ್ರಿ, ಅವಾಗ ಹೋಗತೈತಿ. ಯಾರು ಅಂದ್ರೂ ಹೋಗತೈತಿ."

ನನ್ನ ತವರು ಯಲಬುರ್ಗಾ, ನೌಕರಿ ಕುಷ್ಟಗಿ. ಮಳೆ ನಂಬಿದ ಒಣ ಸೀಮೆ. ಗಂಗಾವತಿಯ ಕಡೆಯವಳಾಗಿದ್ದರೆ ಕಾಲುವೆಯ ನೀರಿನ ಜೊತೆ ನಾಲ್ಕು ತೆಲುಗು ಮಾತೂ ಕಿವಿಗೆ ಬಿದ್ದಿರುತ್ತಿದ್ದವು. ಸೋಮವಾರ ಅದನ್ನು ಬದುಕಿಸಬೇಕೆಂದು ನಾನು ಬಾಯಿ ಒಣಗುವಷ್ಟು ಸಲ ಹೇಳಿದ್ದು ಅದೇ ಮಾತು, ಉಂಡು, ಉಂಡು. ಹೋಗು ಎಂದದ್ದು ಅದಕ್ಕೆ ತಿಳಿಯಲೇ ಇಲ್ಲ. ನಾನು ಹೇಳಿದೆನೆಂದು ಕೂತಿತು, ಕೂತದ್ದಕ್ಕೆ ಸತ್ತಿತು. ಆತನ ಕೈಗೆ ಔಷಧಿ ಹಚ್ಚುತ್ತ ನಾನು ಅಳುತ್ತಿದ್ದೆ. ಆತ, "ಆರಾಮ ಆಗತೈತಿ ಬಿಡ್ರಿ, ಸಣ್ಣ ಗಾಯ" ಎಂದು ನನಗೇ ಸಮಾಧಾನ ಹೇಳಿದ.

ನಾಯಿ ಕಡಿದವರ ಹೆಸರು ಬರೆದುಕೊಳ್ಳುವ ವಹಿ ನಮ್ಮಲ್ಲಿದೆ. ಕಡಿದದ್ದು ಸಾಕಿದ ನಾಯಿಯೋ ಬೀದಿಯದೋ, ಈಗ ಬದುಕಿದೆಯೋ ಸತ್ತಿದೆಯೋ, ಅದನ್ನೂ ಬರೆಯಬೇಕು. ಕಡಿದ ನಾಯಿ ಹತ್ತು ದಿನ ಬದುಕಿದ್ದರೆ ಅದಕ್ಕೆ ರೋಗವಿರಲಿಲ್ಲ ಎಂದು ಅರ್ಥ, ಅದಕ್ಕಾಗಿ. ಪೆನ್ನು ಹಿಡಿದು ಕೂತೆ. ಆತ ಓದಲು ಬಾರದವನು, ಪಕ್ಕದಲ್ಲಿ ನಿಂತು "ಏನ್ ಬರದ್ರಿ?" ಎಂದ. ಆಗಲೇ ಹೇಳಿಬಿಡಬೇಕಿತ್ತು. ಹೇಡಿ ನಾನು. "ಸಾಕಿದ್ದು, ಬದುಕಿದೆ ಅಂತ ಬರದೀನಿ" ಎಂದೆ. ಹಾಗೇ ಬರೆದಿದ್ದೆ. ಆತ ತಲೆಯಾಡಿಸಿ ಹೋದ.

ಸಂಜೆ ಲಕ್ಷ್ಮವ್ವನನ್ನು ಕರೆದು, ಹುಗಿದದ್ದು ಬುಜ್ಜಿಯೇ ಹೌದೇ ಎಂದು ಆಣೆ ಮಾಡಿಸಿ ಕೇಳಿದೆ. "ನಿಮಗೇನ್ ತಲಿ ಕೆಟ್ಟೈತೇನ್ರಿ, ಬುರುಡಿ ಒಡದು ಮಿದುಳು ಹೊರಗ ಬಂದಿತ್ತು" ಎಂದಳು. ಅದೇ ಬಸ್ಸಿನಲ್ಲಿ ಬಂದಿದ್ದ ಅಂಗನವಾಡಿ ಟೀಚರನ್ನೂ ಕೇಳಿದೆ. ಯಮನೂರಪ್ಪ ಬಸ್ಸಿನ ಬಾಗಿಲ ಹತ್ತಿರ ಯಾರಿಗೋ ಜೋರಾಗಿ ಬೈಯುತ್ತಿದ್ದದ್ದು ಆಕೆಗೆ ಕೇಳಿಸಿತ್ತು, ತೆಲುಗಿನಲ್ಲಿ. ಆತನ ಒಂದು ಕೈಯನ್ನು ಏನೋ ಕೆಳಗೆ ಜಗ್ಗಿದ ಹಾಗೆ ಇತ್ತಂತೆ. ನೂಕುನುಗ್ಗಲಿನಲ್ಲಿ ಕೆಳಗೆ ಏನಿತ್ತು ಎಂದು ಕಾಣಲಿಲ್ಲ ಎಂದಳು. ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಹೇಳುವವರು ಯಾರೂ ಸಿಗಲಿಲ್ಲ.

ಮೊದಲ ದಿನದ್ದಾದ ಮೇಲೆ ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಹೀಗೆ ಸೂಜಿ ಹಾಕಬೇಕು. ಪ್ರತಿ ಸಲ ಬಂದಾಗಲೂ ಆತನದ್ದು ಒಂದೇ ಪ್ರಶ್ನೆ, ಬುಜ್ಜಿ ನನ್ನನ್ನು ಯಾಕೆ ಕಡಿಯಿತು. ನಾಯಿ ತಿರುಗಿ ಬರಲಿಲ್ಲ ಎಂಬ ದುಃಖಕ್ಕಿಂತ ಅದು ದೊಡ್ಡದಾಗಿತ್ತು. ಊರಿನವರು ಒಬ್ಬರೂ ಬಾಯಿ ಬಿಡಲಿಲ್ಲ. ತಮ್ಮನ ಮಗನಂತೂ, "ಎಲ್ಲೋ ಓಡಿ ಹೋಗೈತಿ, ನಿಯತ್ತಿಲ್ಲದ ನಾಯಿ, ಸಾಕಿದವನನ್ನ ಕಡದೈತಿ" ಎಂದು ಅದೇ ಮನೆಯಲ್ಲಿ ಕೂತು ಹೇಳುತ್ತಿದ್ದನಂತೆ. ಬಡಿಗೆ ಹಿಡಿದ ಕೈಯಿಂದಲೇ ಆತನಿಗೆ ತಟ್ಟೆ ಕೊಡುತ್ತಿದ್ದ. ಯಮನೂರಪ್ಪ ದಿನವೆಲ್ಲ ಕಟ್ಟೆಯ ಮೇಲೆ ಕೂತು ಬಸ್ಸು ಬಂದಾಗಲೆಲ್ಲ ಗಾಲಿಗಳ ನಡುವೆ ಬಗ್ಗಿ ನೋಡುತ್ತಿದ್ದ. ಊಟ ಕಡಿಮೆಯಾಯಿತು, ಕಾಲಿನ ಗಾಯ ಮತ್ತೆ ಕೀವು ಕಟ್ಟಿತು. "ಬಿಟ್ಟು ಹೋದೆ ಅಂತ ಸಿಟ್ರಿ ಅದಕ್ಕ. ಹದಿನಾಲ್ಕು ದಿನ ಕುಂದ್ರಿಸಿದೆ. ನನ್ನ ಕಂಡ್ರ ಆಗಲಾರದಂಗಾಗೈತಿ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಒಂಬತ್ತು ವರ್ಷ ಮಗುವಿನಂತೆ ಸಾಕಿದ್ದು ತನ್ನನ್ನು ದ್ವೇಷಿಸಿ ಹೋಯಿತು ಎಂಬ ಮಾತು ಆತನನ್ನು ತಿನ್ನುತ್ತಿತ್ತು.

ಇಪ್ಪತ್ತೆಂಟನೆಯ ದಿನ ಕೊನೆಯ ಸೂಜಿಗೆ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಬಾಗಿಲು ಮುಚ್ಚಿ, ಸ್ಟೂಲಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ನಾನು ಇರಬಹುದು ಎಂದದ್ದು, ಉಂಡು ಎಂದದ್ದು, ಹೊಡೆದದ್ದು, ಹುಗಿದದ್ದು. ಯಾವ ವಾರ ಎಂಬುದನ್ನೂ ಹೇಳಿದೆ. "ಬುಜ್ಜಿ ನಿನ್ನ ಕಡದಿಲ್ಲ ಕಾಕಾ. ನೀ ಬರೂಕಿನ್ನ ಮೂರು ದಿನ ಮೊದಲೇ ಸತ್ತಿತ್ತು. ನಿನ್ನ ಮಾತು ಮೀರಲಿಲ್ಲದು, ಹೊಡದರೂ ಎದ್ದು ಹೋಗಲಿಲ್ಲ" ಎಂದೆ. ನನ್ನನ್ನು ಹೊಡೆಯಲಿ, ಉಗುಳಲಿ, ಆದರೆ ಅದಕ್ಕೆ ತನ್ನ ಮೇಲೆ ಸಿಟ್ಟಿರಲಿಲ್ಲ ಎಂಬುದಾದರೂ ತಿಳಿಯಲಿ ಎಂದು ನನ್ನ ಆಸೆ.

ಆತ ಬಲಗೈ ತಿರುಗಿಸಿ ನನ್ನ ಮುಂದೆ ಹಿಡಿದ. ಗಾಯ ಮಾದಿತ್ತು. ಮೂರು ಗುಳಿ, ಒಂದು ಕಪ್ಪು ಕಲೆ.

"ಹಂಗಾದ್ರ ಇದು?"

ಆ ಕಪ್ಪು ಕಲೆಯ ಮೇಲೆ ಬೆರಳಿಟ್ಟ.

"ಈ ಹಲ್ಲು ನನಗ ಗೊತ್ತಿಲ್ಲೇನ್ರಿ? ಕೂಸಿದ್ದಾಗ ಈ ಕೈಯಾಗ ಬಾಯಿ ಬಿಡಿಸಿ ಹಾಲು ಹಾಕೀನಿ." ಮತ್ತೆ ಹೇಳಿದ, ಈ ಸಲ ದನಿ ಸಣ್ಣದಾಗಿತ್ತು. "ಬ್ಯಾಡ್ರಿ ಸಿಸ್ಟರ್. ಸತ್ತಿತ್ತು ಅಂತ ಹೇಳಬ್ಯಾಡ್ರಿ. ಬದಕೈತಿ ಅಂತನ ಇರ್ಲಿ, ನೀವು ಬರದಂಗ. ನನ್ನ ಮ್ಯಾಲ ಸಿಟ್ಟಾಗಿ ಎಲ್ಲರೆ ಅಡ್ಡಾಡ್ಲಿ. ಅವತ್ತು ಈ ಕಾಲಿಗೆ ಪಟ್ಟಿ ಇತ್ತಲ್ರಿ, ಒಂದು ಚಪ್ಪಲಿ ಕೈಯಾಗ ಹಿಡಕೊಂಡಿದ್ದೆ. ಅದು ನನ್ನ ಬಿಡಲಿಲ್ಲ, ಬಸ್ಸು ಹೊಂಟಿತ್ತು. ಮುಖದ ಮ್ಯಾಲ ಹೊಡದೆ. ಮೂರು ಸಲ ಹೊಡದೆ. ಕಣ್ಣು ಮುಚ್ಚಿ ಹೊಡಿಸ್ಕೊಂತು, ಆಮ್ಯಾಲ ಬಿಡ್ತು. ಸತ್ತ ಮ್ಯಾಲೂ ನನ್ನ ಹುಡಿಕ್ಕೊಂಡು ಬಂದಿತ್ತು ಅಂದ್ರ, ನಾ ಅದನ್ನ ಚಪ್ಪಲಿಲೆ ಹೊಡದು ಕಳಿಸೀನಿ ಅಂತ ಆತಲ್ರಿ."

ಆ ಊರು ಬಿಟ್ಟು ಬೇರೆ ಕಡೆ ವರ್ಗವಾಗಿ ಬಂದೆ, ಓದಿದವರನ್ನೂ ದೊಡ್ಡ ಡಾಕ್ಟರರನ್ನೂ ಕೇಳಿದೆ. ಬೇರೆ ನಾಯಿ, ಬೇರೆ ನಾಯಿ ಎನ್ನುತ್ತಾರೆ. ಇರಬಹುದು. ಅದಕ್ಕೂ ಅದೇ ಹಲ್ಲು ಮುರಿದಿರಬಹುದು. ನಾನು ವಾದ ಮಾಡುವುದಿಲ್ಲ.

ಅವತ್ತು ಆತ ಅಂಗಿಯ ತೋಳು ಮೇಲೆ ಸರಿಸಿ ಕೂತ. ಕೊನೆಯ ಸೂಜಿ ಚುಚ್ಚಿದೆ. ಯಾವ ನಾಯಿಯ ವಿಷಕ್ಕೆ ಆ ಔಷಧಿ ಕೊಟ್ಟೆ ಎಂದು ನನಗೆ ಗೊತ್ತಿಲ್ಲ.